ಔಷಧಿ ಕೋಶ ತೆರೆಯದೆ ಮಾತ್ರೆ ನುಂಗುವ ವಿಧಾನ

ಮಾತ್ರೆ ಖರೀದಿಸಿದ್ದಕ್ಕಾಗಿ ಅಭಿನಂದನೆಗಳು. ನುಂಗುವ ಮುನ್ನ ಈ ಸೂಚನೆಗಳನ್ನು ಪೂರ್ತಿಯಾಗಿ ಓದಿಕೊಳ್ಳಿ. ಓದಿದ ಮೇಲೆ ಔಷಧಿಯ ಬಗ್ಗೆ ಬೇರೇನನ್ನೂ ಓದುವ ಪ್ರಮೇಯ ಬರುವುದಿಲ್ಲ. ಈ ಕೈಪಿಡಿ ಇರುವುದೇ ಅದಕ್ಕೆ.

ಬೇಕಾಗುವ ಸಾಮಾನು

ಮುಚ್ಚಳ ಸರಿಯಾಗಿ ಕೂರದ ಒಂದು ಬಿಸ್ಕತ್ತಿನ ಡಬ್ಬಿ. ಅದರೊಳಗೆ ಅರ್ಧ ಮುಗಿದ ಐದಾರು ಸ್ಟ್ರಿಪ್ಪು, ಬಾಯಿಯ ಸುತ್ತ ಸಕ್ಕರೆಪಾಕ ಗಟ್ಟಿಯಾಗಿ ಕೂತ ಕೆಮ್ಮಿನ ಸಿರಪ್ಪು, ಬಾಲದಿಂದ ಸುರುಳಿ ಸುತ್ತಿದ ಮುಲಾಮಿನ ಟ್ಯೂಬು, ಹೋದ ದೀಪಾವಳಿಯಲ್ಲಿ ಪಟಾಕಿ ಹೊಗೆಗೆ ತಂದ ಕಣ್ಣಿನ ಡ್ರಾಪ್ಸು. (ಕಣ್ಣಿನ ಡ್ರಾಪ್ಸನ್ನು ತೆರೆದ ಒಂದು ತಿಂಗಳಲ್ಲಿ ಎಸೆಯಬೇಕೆಂದು ಬಹುತೇಕ ಬಾಟಲಿಗಳ ಮೇಲೇ ಬರೆದಿರುತ್ತದೆ. ಅದನ್ನು ಓದಬೇಡಿ.) ತೀರಿಹೋದ ತಾತನ ಬಿಪಿ ಮಾತ್ರೆಗಳು ಒಂದು ಹಾಳೆಯಷ್ಟಾದರೂ ಇರಲಿ. ‘ಎಸೆಯೋಕೆ ಮನಸ್ಸು ಬರಲ್ಲ ಕಣೋ, ದುಡ್ಡು ಕೊಟ್ಟಿದ್ದಲ್ವಾ’ ಎನ್ನುವ ಒಬ್ಬ ಅಜ್ಜಿ ಮನೆಯಲ್ಲಿದ್ದರೆ ಇನ್ನೂ ಒಳ್ಳೆಯದು.

ಡಬ್ಬಿಯ ಹತ್ತಿರಕ್ಕೂ ಸುಳಿಯಬಾರದ ವಸ್ತು ಒಂದೇ: ಔಷಧಿಗಳ ವಿವರ ಕೊಡುವ ಪುಸ್ತಕ.

ಶತ್ರುವಿನ ಪರಿಚಯ

ಹಳೆಯ ಮೆಡಿಕಲ್ ಸ್ಟೋರುಗಳ ಕೌಂಟರಿನ ಕೆಳಗೆ, ಬಿಲ್ ಬುಕ್ಕಿನ ಪಕ್ಕದಲ್ಲಿ, ಕಂದು ಕಾಗದದ ಹೊದಿಕೆ ಹಾಕಿದ ದಪ್ಪ ಪುಸ್ತಕವೊಂದನ್ನು ನೀವು ನೋಡಿರಬಹುದು. ಸಿಮ್ಸ್, ಡ್ರಗ್ ಟುಡೇ, ಐಡಿಆರ್ ಎಂದೆಲ್ಲ ಅವಕ್ಕೆ ಹೆಸರು. ಸರ್ಕಾರದ ಕಡೆಯಿಂದ ಬರುವುದು ನ್ಯಾಷನಲ್ ಫಾರ್ಮ್ಯುಲರಿ ಆಫ್ ಇಂಡಿಯಾ. ಈಗ ಅದನ್ನು ಹೊರತರುವುದು ಗಾಜಿಯಾಬಾದಿನಲ್ಲಿರುವ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್. ಬ್ರಿಟನ್ನಿನ ವೈದ್ಯರ ಜೇಬಿನಲ್ಲಿ ಬಿಎನ್‌ಎಫ್ ಇರುತ್ತದೆ. ಅಮೆರಿಕದಲ್ಲಿ ವೈದ್ಯರ ಮೇಜಿನ ಮೇಲೆ ಬಹುಕಾಲ ಕೂತಿದ್ದು 1947ರಲ್ಲಿ ಶುರುವಾದ ಪಿಡಿಆರ್. ಈಗ ಇವುಗಳಲ್ಲಿ ಹೆಚ್ಚಿನವು ಮೊಬೈಲಿಗೂ ಬಂದಿವೆ.

ಇಂಥ ಪುಸ್ತಕ ಅಪಾಯಕಾರಿಯಾಗುವುದು ಅದರ ಹಿಂದಿನ ಪುಟಗಳಲ್ಲಿರುವ ಸೂಚಿಯಿಂದ. ನೀವು ಕಂಪನಿ ಇಟ್ಟ ಹೆಸರು ಹಿಡಿದು ಹೋದರೆ ಅದು ನಿಮ್ಮನ್ನು ಮಾತ್ರೆಯೊಳಗಿನ ಔಷಧಿಯ ಹೆಸರಿಗೆ ಕರೆದೊಯ್ಯುತ್ತದೆ. ಅಲ್ಲಿಗೆ ಹೋದಿರೋ, ಕೆಟ್ಟಿರಿ. ಯಾವ ಕಾಯಿಲೆಗೆ, ದಿನಕ್ಕೆ ಹೆಚ್ಚೆಂದರೆ ಎಷ್ಟು, ಯಾರು ತೆಗೆದುಕೊಳ್ಳಲೇಬಾರದು, ಬಸುರಿಗೆ ಆಗುತ್ತದೋ ಇಲ್ಲವೋ, ಕಿಡ್ನಿ ಸೋತವರಿಗೆ ಎಷ್ಟು ಕಡಿಮೆ ಮಾಡಬೇಕು, ಯಾವ ಮಾತ್ರೆಯ ಜೊತೆ ಸೇರಿದರೆ ಜಗಳ ಎಂಬುದೆಲ್ಲ ಒಂದೇ ಕಡೆ ಸಿಕ್ಕಿಬಿಡುತ್ತದೆ. ಆದ್ದರಿಂದ ಈ ಕೈಪಿಡಿಯ ಸೂಚನೆಗಳೆಲ್ಲ ಒಂದೇ ಗುರಿಯವು: ನೀವು ನುಂಗುತ್ತಿರುವುದರ ನಿಜವಾದ ಹೆಸರು ನಿಮಗೆ ಗೊತ್ತಾಗಕೂಡದು.

ಹೆಸರು ಮರೆಯುವ ಕ್ರಮ

ಮಾತ್ರೆಯನ್ನು ಬಣ್ಣ, ಆಕಾರ ಮತ್ತು ಕಾಯಿಲೆಯಿಂದಲೇ ಗುರುತಿಸಿ. ಬಿಪಿದು, ಶುಗರಿಂದು, ಗ್ಯಾಸಿಂದು. ಅಂಗಡಿಯಲ್ಲಿ ಸಂಭಾಷಣೆ ಹೀಗಿರಬೇಕು:

‘ಅಣ್ಣಾ, ಆ ಬಿಳಿ ಮಾತ್ರೆ ಕೊಡಿ, ಗುಂಡಗಿರುತ್ತಲ್ಲ.’

‘ಯಾವುದಮ್ಮಾ? ಚೀಟಿ ತಂದಿದ್ದೀರಾ?’

‘ಚೀಟಿ ಎಲ್ಲೋ ಹೋಯ್ತು. ಮಧ್ಯ ಒಂದು ಗೆರೆ ಇರುತ್ತೆ ನೋಡಿ. ನಮ್ಮ ಯಜಮಾನರು ತಗೋತಾರಲ್ಲ, ಅದೇ.’

ಅಂಗಡಿಯಲ್ಲಿರುವ ಮಾತ್ರೆಗಳಲ್ಲಿ ಅರ್ಧಕ್ಕರ್ಧ ಬಿಳಿ, ಗುಂಡಗೆ, ಮಧ್ಯೆ ಗೆರೆ. ಅಂಗಡಿಯವರು ತಲೆ ಕೆರೆದುಕೊಂಡು ಮೂರು ಸ್ಟ್ರಿಪ್ಪು ಮುಂದಿಡುತ್ತಾರೆ. ನೋಡಿದ ಕೂಡಲೇ ‘ಹಾಂ, ಇದೇ’ ಎನ್ನಿ.

ಹತ್ತರ ಸ್ಟ್ರಿಪ್ಪಿನಲ್ಲಿ ನಾಲ್ಕೇ ಸಾಕೆಂದು ಕತ್ತರಿಸಿ ಕೊಡಿಸಿಕೊಳ್ಳಿ. ಬ್ಯಾಚ್ ನಂಬರು, ಎಕ್ಸ್‌ಪೈರಿ ತಾರೀಕು ಸಾಮಾನ್ಯವಾಗಿ ಒಂದು ತುದಿಯಲ್ಲಿರುತ್ತವೆ. ಆ ತುದಿ ಅಂಗಡಿಯಲ್ಲೇ ಉಳಿಯುವಂತೆ ನೋಡಿಕೊಳ್ಳಿ. ಮನೆಗೆ ಬರುವ ತುಂಡಿನ ಬೆಳ್ಳಿ ಹಾಳೆಯ ಮೇಲೆ ಹೆಸರಿನ ಬಾಲವಷ್ಟೇ ಇರಲಿ. ‘...ಮಾಲ್’ ಅಂತಲೋ ‘...ಜೋಲ್’ ಅಂತಲೋ ಇದ್ದರೆ ಸಾಕು. ‘ಜೋಲ್’ ಎಂದು ಮುಗಿಯುವವುಗಳಲ್ಲಿ ಹೊಟ್ಟೆಯುರಿಯದೂ ಇದೆ, ಜಂತುಹುಳದ್ದೂ ಇದೆ, ಚರ್ಮದ ಫಂಗಸ್‌ನದೂ ಇದೆ.

ಸರ್ಕಾರ ಇಲ್ಲೊಂದು ತೊಡಕು ತಂದಿದೆ. 2018ರ ನಿಯಮದ ಪ್ರಕಾರ ಔಷಧಿಯ ಮೂಲ ಹೆಸರನ್ನು ಬ್ರ್ಯಾಂಡ್ ಹೆಸರಿಗಿಂತ ಎರಡು ಫಾಂಟ್ ದೊಡ್ಡದಾಗಿ ಮುದ್ರಿಸಬೇಕು. 2023ರ ಆಗಸ್ಟಿನಿಂದ ಹೆಚ್ಚು ಮಾರಾಟವಾಗುವ ಮುನ್ನೂರು ಬ್ರ್ಯಾಂಡುಗಳ ಮೇಲೆ ಕ್ಯೂಆರ್ ಕೋಡ್ ಕೂಡ ಬಂದಿದೆ. ಗಾಬರಿ ಬೇಡ. ಸಂತೆಯ ಕಾಫಿಗೂ ಮೊಬೈಲ್ ಹಿಡಿದು ದುಡ್ಡು ಕೊಡುವ ನಾವು ಆ ಕೋಡಿನತ್ತ ಮೊಬೈಲ್ ತಿರುಗಿಸುವವರಲ್ಲ.

ಇಷ್ಟೆಲ್ಲ ಪಾಲಿಸಿದರೆ ಸಿಗುವ ಫಲವನ್ನು ಲೆಕ್ಕ ಸಮೇತ ತೋರಿಸುತ್ತೇನೆ. ಮಳೆಗಾಲದ ಜ್ವರ. ಎದುರುಮನೆಯವರು ಹೇಳಿದರೆಂದು 650ರ ಮಾತ್ರೆ ದಿನಕ್ಕೆ ನಾಲ್ಕು: 2600 ಮಿಲಿಗ್ರಾಂ. ಮೈಕೈ ನೋವಿಗೆ ಇನ್ನೊಂದು ಹೆಸರಿನ ಜೋಡಿ ಮಾತ್ರೆ, ಅದರಲ್ಲಿ 325, ದಿನಕ್ಕೆ ಮೂರು: 975. ನೆಗಡಿಗೆ ಮತ್ತೊಂದು, ಅದರಲ್ಲಿ 500, ಅದೂ ಮೂರು: 1500. ಮೂರೂ ಬೇರೆ ಬೇರೆ ಹೆಸರು, ಬೇರೆ ಬೇರೆ ಬಣ್ಣ, ಮೂರು ಕಾಯಿಲೆ. ಒಳಗಿರುವುದು ಮಾತ್ರ ಒಂದೇ ಪ್ಯಾರಸಿಟಮಾಲ್, ಒಟ್ಟು 5075 ಮಿಲಿಗ್ರಾಂ. ದೊಡ್ಡವರಿಗೆ ದಿನಕ್ಕೆ 4 ಗ್ರಾಂ ದಾಟಬಾರದು ಎಂದು ಆ ದಪ್ಪ ಪುಸ್ತಕ ಬರೆದುಕೊಂಡು ಕೂತಿದೆ. ಕುಡಿಯುವವರಿಗೆ, ಲಿವರ್ ಮೊದಲೇ ಸೋತವರಿಗೆ ಇನ್ನೂ ಕಡಿಮೆ. ಡೋಲೋ, ಕ್ರೋಸಿನ್, ಕ್ಯಾಲ್ಪಾಲ್ ಮೂರೂ ಒಂದೇ ಔಷಧಿ ಎಂದು ಗೊತ್ತಿದ್ದವರು ಈ ಮೊತ್ತವನ್ನು ಯಾವತ್ತೂ ಮುಟ್ಟುವುದಿಲ್ಲ. ಮುಟ್ಟಬೇಕೆಂದರೆ ಅಜ್ಞಾನ ಪಕ್ಕಾ ಇರಬೇಕು.

ಹೆಸರು ನೆನಪಿಟ್ಟುಕೊಳ್ಳುವ ಹಟವಿದ್ದರೆ

ಕಂಪನಿಯ ಹೆಸರನ್ನು ಮಾತ್ರ, ಅದೂ ಅರ್ಧಂಬರ್ಧ ನೆನಪಿಟ್ಟುಕೊಳ್ಳಿ. ಫೋನಿನಲ್ಲಿ ಹೇಳಿ ತರಿಸಿಕೊಂಡರೆ ಇನ್ನೂ ಅನುಕೂಲ. ಅಮೆರಿಕದಲ್ಲಿ ಹೊಟ್ಟೆಯ ಆಮ್ಲಕ್ಕೆ ಕೊಡುವ ಒಮೆಪ್ರಜೋಲ್‌ಗೆ ಮೊದಲು ಲೋಸೆಕ್ ಎಂದು ಹೆಸರಿಟ್ಟರು. ಮೂತ್ರ ಹೆಚ್ಚಿಸುವ ಲಾಸಿಕ್ಸ್ ಎಂಬ ಮಾತ್ರೆ ಅದಾಗಲೇ ಇತ್ತು. ಡಾಕ್ಟರರ ಕೈಬರಹದಲ್ಲಿ ಎರಡೂ ಒಂದೇ ಆಗಿಹೋಗಿ, 1990ರಲ್ಲಿ ಲೋಸೆಕ್ ಪ್ರಿಲೋಸೆಕ್ ಆಯಿತು.

ನಮ್ಮಲ್ಲಿ ಇಂಥದ್ದೇ ಜಗಳ ಸುಪ್ರೀಂ ಕೋರ್ಟಿನವರೆಗೆ ಹೋಗಿದೆ. ಫಾಲ್ಸಿಗೋ, ಫಾಲ್ಸಿಟ್ಯಾಬ್ ಎರಡೂ ಮಲೇರಿಯಾಕ್ಕೆ. ಒಂದರಲ್ಲಿ ಆರ್ಟಿಸುನೇಟ್, ಇನ್ನೊಂದರಲ್ಲಿ ಮೆಫ್ಲೋಕ್ವಿನ್. ಎರಡು ಕಂಪನಿಗಳ ಹೆಸರಿನಲ್ಲೂ ಕ್ಯಾಡಿಲಾ ಇದ್ದದ್ದು ಗೊಂದಲಕ್ಕೆ ಇನ್ನಷ್ಟು ತುಪ್ಪ ಸುರಿಯಿತು. 2001ರ ತೀರ್ಪಿನಲ್ಲಿ ನ್ಯಾಯಾಲಯ ಹೇಳಿದ್ದರ ಸಾರ ಇಷ್ಟು: ಬೇರೆ ಸಾಮಾನಿನಲ್ಲಿ ಹೆಸರು ತಪ್ಪಿದರೆ ದುಡ್ಡು ಹೋಗುತ್ತದೆ, ಔಷಧಿಯಲ್ಲಿ ತಪ್ಪಿದರೆ ಜೀವ ಹೋಗಬಹುದು, ಆದ್ದರಿಂದ ಇಲ್ಲಿ ಅಳತೆಗೋಲು ಬಿಗಿಯಾಗಿರಬೇಕು. ಹಲವು ಭಾಷೆಗಳಿರುವ, ಇಂಗ್ಲಿಷ್ ಬಾರದ ಜನರೇ ಹೆಚ್ಚಿರುವ ದೇಶದಲ್ಲಿ ಕಿವಿಗೆ ಒಂದೇ ತರಹ ಕೇಳುವ ಹೆಸರುಗಳು ಎಂಥ ಅಪಾಯ ಎಂಬುದನ್ನೂ ಅದು ಗಮನಿಸಿತು. ಇಂಥ ಬುದ್ಧಿಮಾತು ನಮ್ಮ ವಿಧಾನಕ್ಕೆ ಒಗ್ಗುವುದಿಲ್ಲ.

ಪ್ರಮಾಣ

ಮಗುವಿಗೆ ಜ್ವರ ಬಂದಾಗ ಪ್ಯಾರಸಿಟಮಾಲ್ ಡ್ರಾಪ್ಸಿನ ಸಣ್ಣ ಬಾಟಲಿಯನ್ನೂ ಸಿರಪ್ಪಿನ ದೊಡ್ಡ ಬಾಟಲಿಯನ್ನೂ ಅಕ್ಕಪಕ್ಕ ಇಟ್ಟುಕೊಳ್ಳಿ. ಎರಡರ ಮೇಲೂ ನಗುವ ಮಗುವಿನ ಚಿತ್ರ, ಎರಡೂ ಹಣ್ಣಿನ ವಾಸನೆ. ಡ್ರಾಪ್ಸ್ ಸಣ್ಣ ಕೂಸಿಗೆಂದು ಮಾಡಿದ್ದು, ಹಾಗಾಗಿ ಸಪ್ಪೆ ಇರುತ್ತದೆ ಎಂದು ಭಾವಿಸಿ. ಪುಸ್ತಕ ಹೇಳುವುದು ತಿರುವುಮುರುವು. ಕೂಸು ಹೆಚ್ಚು ಕುಡಿಯುವುದಿಲ್ಲವೆಂದೇ ಡ್ರಾಪ್ಸನ್ನು ಗಾಢವಾಗಿ ಮಾಡಿರುತ್ತಾರೆ. ಸಾಮಾನ್ಯವಾಗಿ ಒಂದು ಮಿಲಿಯಲ್ಲಿ 100 ಮಿಲಿಗ್ರಾಂ. ಸಿರಪ್ಪಿನಲ್ಲಿ 5 ಮಿಲಿಗೆ 120 ಅಥವಾ 125. ಸಿರಪ್ಪು ಮುಗಿಯಿತೆಂದು ಅದೇ ಚಮಚದಲ್ಲಿ ಡ್ರಾಪ್ಸ್ ಕುಡಿಸಿದರೆ ನಾಲ್ಕು ಪಟ್ಟು ಒಳಗೆ ಹೋಯಿತು. ಮಗುವಿನ ಪ್ರಮಾಣವನ್ನು ಪುಸ್ತಕಗಳು ವಯಸ್ಸಿಗಿಂತ ತೂಕದ ಮೇಲೆ ಹಾಕುತ್ತವೆ, ಒಂದು ಸಲಕ್ಕೆ ಕಿಲೋಗೆ 10ರಿಂದ 15 ಮಿಲಿಗ್ರಾಂ. ತಕ್ಕಡಿ ಹುಡುಕುವ ಕಷ್ಟ ಯಾರಿಗೆ ಬೇಕು, ‘ನಮ್ಮ ದೊಡ್ಡವನಿಗೂ ಇಷ್ಟೇ ಹಾಕಿದ್ದು’ ಎನ್ನಿ.

ಕೀಲುವಾತಕ್ಕೆ ಕೊಡುವ ಮೆಥೋಟ್ರೆಕ್ಸೇಟ್ ವಾರಕ್ಕೊಂದು ದಿನ ಮಾತ್ರ ತೆಗೆದುಕೊಳ್ಳುವ ಔಷಧಿ. ಅದರ ಜೊತೆ ಬೇರೆ ದಿನಗಳಿಗೆ ಫೋಲಿಕ್ ಆಸಿಡ್ ಬರೆದಿರುತ್ತಾರೆ. ಅನೇಕ ವೇಳೆ ಎರಡೂ ಪುಟ್ಟ ಹಳದಿ ಮಾತ್ರೆಗಳೇ. ವಾರದ್ದನ್ನು ದಿನಾ ನುಂಗಿ ಮೂಳೆಮಜ್ಜೆ ಸೋತು ಸತ್ತವರು ಹಲವು ದೇಶಗಳಲ್ಲಿದ್ದಾರೆ. ಇಲ್ಲಿ ತಮಾಷೆ ಮಾಡಲು ನನಗೂ ಬಾಯಿ ಬರುತ್ತಿಲ್ಲ. ಮುಂದಿನ ಸೂಚನೆಗೆ ಹೋಗೋಣ.

ಕಾಫಿ, ಸೊಪ್ಪು, ಮಂಡಿನೋವು

ಥೈರಾಯ್ಡ್ ಮಾತ್ರೆಯನ್ನು ಬೆಳಗಿನ ಫಿಲ್ಟರ್ ಕಾಫಿಯ ಜೊತೆ ಗುಟುಕರಿಸಿ. ಬೆನ್ನಿಗೇ ಕ್ಯಾಲ್ಸಿಯಂ ಮಾತ್ರೆಯನ್ನೂ ಹಾಕಿ. ಎರಡೂ ಸೇರಿ ಔಷಧಿ ಕರುಳಿನಿಂದ ರಕ್ತಕ್ಕೆ ಹೋಗದಂತೆ ತಡೆಯುತ್ತವೆ. ಪರೀಕ್ಷೆಯಲ್ಲಿ ಟಿಎಸ್‌ಎಚ್ ಇಳಿಯುವುದಿಲ್ಲ, ಡಾಕ್ಟರು ಪ್ರಮಾಣ ಏರಿಸುತ್ತಾರೆ, ನೀವು ‘ಮಾತ್ರೆ ಕೆಲಸ ಮಾಡ್ತಿಲ್ಲ’ ಎಂದು ಡಾಕ್ಟರನ್ನೇ ಬದಲಿಸಬಹುದು. ಖಾಲಿ ಹೊಟ್ಟೆಗೆ ನೀರಿನಲ್ಲಿ ನುಂಗಿ, ಕಾಫಿಗೆ ಅರ್ಧ ಗಂಟೆಯಾದರೂ ಕಾದು, ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆಗಳಿಗೆ ನಾಲ್ಕು ಗಂಟೆ ಅಂತರ ಕೊಟ್ಟರೆ ಈ ಮಜವೆಲ್ಲ ತಪ್ಪಿಹೋಗುತ್ತದೆ.

ಹೃದಯದ ಕವಾಟ ಬದಲಿಸಿಕೊಂಡು ರಕ್ತ ತೆಳು ಮಾಡುವ ಮಾತ್ರೆಯಲ್ಲಿರುವವರು ಒಂದು ವಾರ ಸೊಪ್ಪನ್ನೇ ಮುಟ್ಟದೆ, ಮರುವಾರ ಮೂರು ಹೊತ್ತೂ ಬಸ್ಸಾರು ಉಣ್ಣಲಿ. ಸೊಪ್ಪಿನ ವಿಟಮಿನ್ ಕೆ ಒಮ್ಮೆ ಏರಿ ಒಮ್ಮೆ ಇಳಿದು ಮಾತ್ರೆಯ ಹದ ಕೆಡುತ್ತದೆ. ಪಕ್ಕದ ಮನೆಯವರ ಮಂಡಿನೋವಿನ ಡೈಕ್ಲೋಫಿನಾಕನ್ನೂ ಸೇರಿಸಿದರೆ ಹೊಟ್ಟೆಯಲ್ಲಿ ರಕ್ತ ಸೋರಲು ಬೇಕಾದ್ದೆಲ್ಲ ಸಿದ್ಧ.

ಪುಸ್ತಕವೇ ಬೇಕೆನ್ನುವವರಿಗೆ

ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಹಳೆ ಪುಸ್ತಕದ ರಾಶಿಯಿಂದ, ಸಾಧ್ಯವಾದಷ್ಟು ಹಿಂದಿನ ವರ್ಷದ್ದನ್ನು ಆರಿಸಿಕೊಳ್ಳಿ. 2011ಕ್ಕಿಂತ ಹಿಂದಿನದಾದರೆ ನಿಮೆಸುಲೈಡ್ ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಕೂಡದು ಎಂಬ ನಿಷೇಧ ಅದರಲ್ಲಿರುವುದಿಲ್ಲ. 2016ಕ್ಕಿಂತ ಹಿಂದಿನದಾದರೆ ಆ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ಒಂದೇ ಏಟಿಗೆ ನಿಷೇಧಿಸಿದ 344 ಸಂಯೋಜಿತ ಔಷಧಿಗಳಲ್ಲಿ ಎಷ್ಟೋ ಅದರಲ್ಲಿ ಠೀವಿಯಿಂದ ಕೂತಿರುತ್ತವೆ. ಈ ವಿಷಯದಲ್ಲಿ ಸರ್ಕಾರವೂ ಒಂದು ಕಾಲಕ್ಕೆ ನಮ್ಮ ಪಕ್ಷದಲ್ಲಿತ್ತು. ನ್ಯಾಷನಲ್ ಫಾರ್ಮ್ಯುಲರಿಯ ಮೊದಲ ಆವೃತ್ತಿ ಬಂದದ್ದು 1960ರಲ್ಲಿ, ಮೂರನೆಯದು 1979ರಲ್ಲಿ. ನಾಲ್ಕನೆಯದಕ್ಕೆ ದೇಶ ಮೂವತ್ತು ವರ್ಷಕ್ಕೂ ಮಿಕ್ಕಿ ಕಾಯಿತು. ಬಿಎನ್‌ಎಫ್ ಆ ಹೊತ್ತಿಗೆ ಆರು ತಿಂಗಳಿಗೊಮ್ಮೆ ಹೊಸದಾಗುತ್ತಿತ್ತು. ನಡುವಿನ ಖಾಲಿ ಜಾಗವನ್ನು ನಮ್ಮಲ್ಲಿ ತುಂಬಿದವು ಖಾಸಗಿ ಪುಸ್ತಕಗಳು ಮತ್ತು ಬ್ಯಾಗು ಹಿಡಿದು ಬರುವ ಕಂಪನಿ ರೆಪ್ಪುಗಳು.

ಹೊಸ ಪುಸ್ತಕವೇ ಕೈಗೆ ಬಿತ್ತೆಂದುಕೊಳ್ಳಿ. ಆಗಲೂ ದಾರಿಯಿದೆ. ಅಡ್ಡಪರಿಣಾಮಗಳ ಪ್ಯಾರಾ ಒಂದನ್ನೇ ಓದಿ, ಮಿಕ್ಕಿದ್ದನ್ನು ಬಿಡಿ. ತಲೆಸುತ್ತು, ವಾಕರಿಕೆ, ಕಾಲು ಊತ, ಅಪರೂಪಕ್ಕೆ ಮರಣ ಎಂದೆಲ್ಲ ಒಂದೇ ಉಸಿರಿನಲ್ಲಿ ಬರೆದಿರುತ್ತಾರೆ. ನೂರರಲ್ಲಿ ಹತ್ತು ಜನಕ್ಕೆ ಆಗುವುದು, ಲಕ್ಷದಲ್ಲಿ ಒಬ್ಬರಿಗೆ ಆಗುವುದು ಎರಡೂ ಅಕ್ಕಪಕ್ಕ. ಓದಿ ಹೆದರಿ ಬಿಪಿ ಮಾತ್ರೆ ನಿಲ್ಲಿಸಿ, ಡಾಕ್ಟರಿಗೆ ಹೇಳಬೇಡಿ. ಏನೂ ಓದದೆ ಸಾಧಿಸುವ ಅನಾಹುತವನ್ನು ಅರ್ಧ ಓದಿಯೂ ಸಾಧಿಸಬಹುದು. ಈ ಪುಸ್ತಕಗಳನ್ನು ಬರೆಯುವುದು ವೈದ್ಯರಿಗೆ, ಫಾರ್ಮಸಿಸ್ಟರಿಗೆ. ಮನೆಯವರು ಅದರಲ್ಲಿ ಕಂಡದ್ದನ್ನು ಪ್ರಶ್ನೆಯಾಗಿ ಅವರ ಮುಂದಿಡಬೇಕೇ ಹೊರತು ತೀರ್ಪಾಗಿ ಅಲ್ಲ ಎಂದು ಹೇಳುವವರಿದ್ದಾರೆ. ಅಂಥವರನ್ನು ಔಷಧಿ ಡಬ್ಬಿಯಿಂದ ದೂರವಿಡಿ.

ದೂರು ಮತ್ತು ಗ್ರಾಹಕ ಸೇವೆ

ಈ ಕೈಪಿಡಿಗೆ ಗ್ರಾಹಕ ಸೇವೆಯಿಲ್ಲ. ಔಷಧಿಗಳಿಗೆ ಇದೆ. ಯಾವುದೇ ಮಾತ್ರೆಯಿಂದ ತೊಂದರೆಯಾದರೆ ವರದಿ ಮಾಡಲು 2010ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮವೊಂದು ಗಾಜಿಯಾಬಾದಿನ ಅದೇ ಕಮಿಷನ್ನಿನಿಂದ ನಡೆಯುತ್ತಿದೆ. ಉಚಿತ ಸಹಾಯವಾಣಿ 1800-180-3024. ರೋಗಿಗಳೇ ತುಂಬಬಹುದಾದ ಫಾರಂ ಕನ್ನಡದಲ್ಲೂ ಇದೆ. ಹೀಗೆ ಬಂದ ವರದಿಗಳೇ ಕೂಡಿ ಮುಂದಿನ ಎಚ್ಚರಿಕೆಗಳಾಗುತ್ತವೆ, ಔಷಧಿ ಕೋಶದ ಮುಂದಿನ ಆವೃತ್ತಿಯಲ್ಲಿ ಒಂದೆರಡು ಸಾಲು ಸೇರುತ್ತವೆ.

ಆ ಫಾರಮ್ಮಿನಲ್ಲಿ ಔಷಧಿಯ ಹೆಸರು ಕೇಳುತ್ತಾರೆ, ಪ್ರಮಾಣ ಕೇಳುತ್ತಾರೆ, ಶುರು ಮಾಡಿದ ತಾರೀಕು ಕೇಳುತ್ತಾರೆ. ಈ ಸೂಚನೆಗಳನ್ನು ಚಾಚೂ ತಪ್ಪದೆ ಪಾಲಿಸಿದ ಬಳಕೆದಾರರು ಹೆಸರಿನ ಜಾಗದಲ್ಲಿ ‘ಬಿಳಿ, ಗುಂಡಗೆ’ ಎಂದು ಬರೆದು ಕಳಿಸತಕ್ಕದ್ದು.