ಮುಸ್ತಫಾನಿಗೊಂದು ಟಿವಿ

ಆಟಿಕೆಯ ವಿಷಯದಲ್ಲಿ ನಮ್ಮ ಸೀಮೆಯೇನು ಕಡಿಮೆಯದಲ್ಲ. ಅತ್ತ ಕಿನ್ನಾಳದ ಚಿತ್ರಗಾರರು ತಲೆಮಾರುಗಳಿಂದ ಹಗುರ ಮರ ಕೆತ್ತಿ ಬಣ್ಣದ ಗೊಂಬೆ ಮಾಡುತ್ತ ಬಂದಿದ್ದಾರೆ. ಇತ್ತ ನಮ್ಮ ಕುಕನೂರು ತಾಲ್ಲೂಕಿನದೇ ಆದ ಭಾನಾಪುರದಲ್ಲಿ 400 ಎಕರೆಯ ಆಟಿಕೆ ಕ್ಲಸ್ಟರ್‌ಗೆ 2021ರ ಜನವರಿಯಲ್ಲಿ ಯಡಿಯೂರಪ್ಪನವರು ಮುಖ್ಯಮಂತ್ರಿಯಾಗಿದ್ದಾಗ ಬಂದು ಅಡಿಗಲ್ಲು ಹಾಕಿ ಹೋದರು. ಇಂಥ ಊರಲ್ಲಿ ನಲವತ್ತು ದಾಟಿದವನೊಬ್ಬ ಪಡಸಾಲೆಗೆ ಒಂದು ವಿಡಿಯೋ ಗೇಮ್ ಡಬ್ಬಿ ಮಾಡಿಸಿಕೊಂಡರೆ ಯಾರೂ ನಗಬಾರದು. ಆದರೂ ನಕ್ಕರು.

ಡಬ್ಬಿ ಎಂದರೆ ಆಳೆತ್ತರದ್ದು. ನಾಣ್ಯ ಹಾಕಿ, ನಿಂತು, ಹಿಡಿಕೆ ತಿರುವಿ ಗುಂಡಿ ಒತ್ತಿ ಆಡುವಂಥದ್ದು. ಅದರಲ್ಲಿ ನನಗೆ ಬೇಕಾದದ್ದು ಮುಸ್ತಫಾ. ಕ್ಯಾಪ್‌ಕಾಮ್ ಕಂಪನಿ 1993ರಲ್ಲಿ ತಂದ ಆ ಆಟದ ನಿಜವಾದ ಹೆಸರು ‘ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್’. ಅಷ್ಟುದ್ದದ ಹೆಸರು ಹೇಳುವ ವ್ಯವಧಾನ ನಮ್ಮ ದೇಶದ ಹುಡುಗರಿಗೆ ಎಲ್ಲಿಂದ ಬರಬೇಕು? ಕಥೆಯ ನಾಯಕ ಜ್ಯಾಕ್. ಆದರೆ ಓಡಿ ಬಂದು ಹಾರಿ ಒದೆಯುವವನು ಮುಸ್ತಫಾ, ಹಾಗಾಗಿ ಆಟವೇ ಮುಸ್ತಫಾ ಆಯಿತು. ಜ್ಯಾಕ್ ಪಾಲಿಗೆ ಬರುತ್ತಿದ್ದವರು ತಡವಾಗಿ ಬಂದವರು ಮಾತ್ರ.

ಹಳೆಯ ಡಬ್ಬಿಗಳ ಆಟಗಳನ್ನು ಕಂಪ್ಯೂಟರಿನಲ್ಲಿ ಓಡಿಸುವ ಮೇಮ್ ಎಂಬ ತಂತ್ರಾಂಶ 1997ರಿಂದಲೇ ಇದೆ. ಹಿಡಿಕೆ, ಗುಂಡಿಗಳು ಅಂಚೆಯಲ್ಲಿ ಬಂದವು. ಪ್ಲೈವುಡ್ ಕೆಲಸಕ್ಕೆ ನಮ್ಮ ಓಣಿಯ ಬಡಿಗೇರ ಒಪ್ಪಿದ. ಒಳಅಗಲ ಎರಡು ಫೂಟು ಎಂದು ಗೆರೆ ಹಾಕಿಯೂ ಬಿಟ್ಟ. ಉಳಿದದ್ದು ಟಿವಿ.

ಟಿವಿ ಎಂದೊಡನೆ ಊರೆಲ್ಲ ಪಂಡಿತರು. ಅಂಗಡಿಯವರದು ಒಂದೇ ಮಂತ್ರ: “ದೊಡ್ಡದ ತಗೋರಿ ಸರ. 43 ಇಂಚು ಒಯ್ರಿ, ಮನಿ ತುಂಬ ಕಾಣ್ತದ.” ಅದರ ಅಗಲವೇ ಮೂರು ಫೂಟು ದಾಟುತ್ತದೆ. 32 ಇಂಚಿನದೂ ಎರಡು ಫೂಟಿನೊಳಗೆ ಕೂರುವುದಿಲ್ಲ. ಮೇಲಾಗಿ ಈ ಇಂಚೆಂಬುದು ಮೂಲೆಯಿಂದ ಮೂಲೆಗೆ ಅಳೆದದ್ದು, ಅದನ್ನು ನಂಬಿ ಯಾರೂ ಹೊಲ ಕೊಳ್ಳಬಾರದು. 24 ಇಂಚಿನ ಅಗಲ ಮಾನಿಟರಿನ ಎತ್ತರ ಒಂದು ಫೂಟಿಗೆ ತುಸು ಕಡಿಮೆ. ಹಳೆಯ ಸೈಬರ್ ಕೆಫೆಗಳಲ್ಲಿದ್ದ 19 ಇಂಚಿನ ಚೌಕ ಮಾನಿಟರಿನ ಎತ್ತರವೂ ಹೆಚ್ಚುಕಡಿಮೆ ಅಷ್ಟೇ! ಮುಸ್ತಫಾನ ಆಟ ನಾಲ್ಕಕ್ಕೆ ಮೂರರ ಆಕಾರದ್ದು. 24ರಲ್ಲಿ ಹಾಕಿದರೆ ಎರಡೂ ಬದಿಗೆ ಕಪ್ಪು ಪಟ್ಟಿ ಬಿಟ್ಟು ನಡುವೆ ಉಳಿಯುವುದು ಇಪ್ಪತ್ತು ಇಂಚೂ ತುಂಬದ ಚಿತ್ರ.

“ಎಳದು ತುಂಬ ಮಾಡ್ರಿ ಮಾಮಾ,” ಎಂದ ಅಳಿಯ. ಎಳೆದರೆ ಮುಸ್ತಫಾ ಇದ್ದದ್ದಕ್ಕಿಂತ ಮೂರನೇ ಒಂದು ಪಾಲು ದಪ್ಪಗಾಗುತ್ತಾನೆ, ಅಂಥವನು ಹಾರಿ ಒದೆಯುವುದೆಲ್ಲಿಂದ? ಆದರೆ ಅಳಿಯನ ಮಾತಿನ ಹಿಂದೆ ದೊಡ್ಡ ಪರಂಪರೆಯಿದೆ. ಅಗಲ ಟಿವಿ ಊರಿಗೆ ಬಂದ ಹೊಸದರಲ್ಲಿ ಧಾರಾವಾಹಿಯ ಸೊಸೆಯಂದಿರೆಲ್ಲ ಮನೆಮನೆಯಲ್ಲಿ ಹೀಗೇ ಊದಿಕೊಂಡಿದ್ದರು. ಸರಿಮಾಡಲು ರಿಮೋಟು ಮುಟ್ಟಿದರೆ ನಮ್ಮವ್ವ ಬೈಯುತ್ತಿದ್ದಳು: “ರೊಕ್ಕ ಪೂರ್ತಿ ಕೊಟ್ಟೀವಿ, ಕರಿಪಟ್ಟಿ ಯಾಕ ನೋಡಬೇಕು?”

ನನಗೆ ಪ್ಯಾಕ್‌ಮ್ಯಾನ್ ಕೂಡ ಬೇಕಿತ್ತು. 1980ರ ಆ ಆಟ ನಿಂತ ಆಕಾರದ್ದು: ಅಗಲಕ್ಕೆ 224 ಚುಕ್ಕಿ, ಎತ್ತರಕ್ಕೆ 288. ಅಂದರೆ ಮಾನಿಟರನ್ನು ಡಬ್ಬಿಯೊಳಗೇ ಬೇಕಾದಾಗ ಅಡ್ಡ, ಬೇಕಾದಾಗ ಉದ್ದ ತಿರುಗಿಸಬೇಕು. ಇಲ್ಲಿ ಪ್ಯಾನೆಲಿನ ಜಾತಕ ಮುಖ್ಯವಾಗುತ್ತದೆ. ಅಗ್ಗದ ಟಿಎನ್ ಪ್ಯಾನೆಲನ್ನು ಕೆಳಗಿನಿಂದ ನೋಡಿದರೆ ಚಿತ್ರ ಕಪ್ಪಿಡುತ್ತದೆ. ಮೇಜಿನ ಮೇಲಿದ್ದಾಗ ಯಾರೂ ಕೆಳಗಿನಿಂದ ನೋಡುವುದಿಲ್ಲ, ಸರಿ. ತಿರುಗಿಸಿ ನಿಲ್ಲಿಸಿದರೆ ಆ ‘ಕೆಳಗೆ’ ಎಂಬುದು ಬದಿಗೆ ಬಂದು ಕೂರುತ್ತದೆ. ಆಗ ಎಡಗಣ್ಣಿಗೆ ಹಗಲು, ಬಲಗಣ್ಣಿಗೆ ಸಂಜೆ. ಐಪಿಎಸ್ ಎಂಬ ಜಾತಿಗೆ ಈ ಕಾಟವಿಲ್ಲ.

ಇದನ್ನು ಪರೀಕ್ಷಿಸಲು, ಜಾತ್ರೆಯಲ್ಲಿ ಎತ್ತಿನ ಸುಳಿ ನೋಡುವವರ ಹಾಗೆ, ಅಂಗಡಿಯ ಒಂದೊಂದೇ ಟಿವಿಯ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ಕತ್ತು ಹೊರಳಿಸಿ ನೋಡಿದೆ. ಕೆಲಸದ ಹುಡುಗ ಓಡಿ ಬಂದು ನೀರು ಕೊಟ್ಟ. “ಸರ, ಆರಾಮ ಅದೀರಿ? ಟಿವಿ ಎದುರು ಕುಂತು ನೋಡ್ತಾರ್ರಿ. ಹಿಂಗ ನೆಲಕ್ಕ ಬಿದ್ದು ಯಾರ್ ನೋಡ್ತಾರ?”

ಇನ್ನೊಂದು ಕಾಟ ಟಿವಿಯ ಬುದ್ಧಿವಂತಿಕೆ. ಅದು ಚಿತ್ರವನ್ನು ತನಗೆ ತೋಚಿದಂತೆ ತಿದ್ದಿ ತೀಡಿ ಆಮೇಲೆ ತೋರಿಸುತ್ತದೆ. ಸೆಕೆಂಡಿಗೆ ಅರವತ್ತು ಚಿತ್ರ ಓಡುವ ಆಟದಲ್ಲಿ ಮೂರು ಚಿತ್ರದಷ್ಟು ತಡವಾದರೆ ಗುಂಡಿ ಒತ್ತಿದ್ದು ಈಗ, ಒದೆತ ಬೀಳುವುದು ಆಮೇಲೆ. ಅಷ್ಟರಲ್ಲಿ ಎದುರಾಳಿ ನಮ್ಮನ್ನೇ ಬೀಳಿಸಿರುತ್ತಾನೆ. ಗೇಮ್ ಮೋಡ್ ಇದ್ದರೆ ಈ ತಿದ್ದಾಟ ಕಡಿಮೆಯಾಗುತ್ತದೆ. ಮಾನಿಟರಿಗೆ ಆ ಶೋಕಿಯೇ ಇಲ್ಲ.

ಕೊನೆಗೆ ತೀರ್ಪು ಕೊಟ್ಟವನು ಬಡಿಗೇರ. ಐಪಿಎಸ್ಸೂ ಅವನಿಗೆ ಬೇಡ, ಚುಕ್ಕಿಯೂ ಬೇಡ. 24 ಇಂಚಿನ ಮಾನಿಟರಿನ ಅಳತೆಗೆ ರಟ್ಟು ಕತ್ತರಿಸಿ, ನಡುವೆ ಮೊಳೆ ಹೊಡೆದು, ಡಬ್ಬಿಯೊಳಗೆ ಗಿರ್ರನೆ ತಿರುಗಿಸಿದ. ಮೂಲೆ ಹೋಗಿ ಗೋಡೆಗೆ ಬಡಿಯಿತು. “ನಿಂದರಾಕ ಜಾಗ ಅದರಿ, ತಿರಗಾಕಿಲ್ಲ. ಮೂಲಿಗೆ ಮೂಲಿ ಎರಡು ಫೂಟಿನ ಒಳಗಿರೋದು ತರ್ರಿ.” ಅಂಚೂ ಸೇರಿ ಕರ್ಣ ಎರಡು ಫೂಟಿನೊಳಗೆ! ಅಂಗಡಿಯ ಹೊಸ ಮಾಲಿನಲ್ಲಿ ಅಂಥದ್ದು ಸಿಕ್ಕರೂ ಅಗಲದ್ದೇ, ಮುಸ್ತಫಾನ ಪಾಲಿಗೆ ಇನ್ನೂ ಸಣ್ಣದು. ಹಳೆಯದರಲ್ಲಿ ಸಿಕ್ಕಿತು, ಹುಬ್ಬಳ್ಳಿಯಲ್ಲಿ: 20 ಇಂಚು, ನಾಲ್ಕಕ್ಕೆ ಮೂರು, ಐಪಿಎಸ್, 1600ಕ್ಕೆ 1200 ಚುಕ್ಕಿ. ನಿಲ್ಲಿಸಿದರೆ ಪ್ಯಾಕ್‌ಮ್ಯಾನಿನ ಒಂದೊಂದು ಚುಕ್ಕಿಯೂ ಸರಿಯಾಗಿ ಐದು ಪಟ್ಟಾಗಿ, 1120ಕ್ಕೆ 1440 ಆಗಿ ಒಳಗೆ ಕೂರುತ್ತದೆ. ಅರ್ಧ ಚುಕ್ಕಿ, ಮಸುಕು ಅಂಚು ಒಂದೂ ಇಲ್ಲ. ಯಾವುದೋ ಕಚೇರಿ ಹೊರಗೆ ಹಾಕಿದ ಮಾಲು.

ಕುಷ್ಟಗಿ ರೈಲಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಂದೆ. ಎದುರಿಗಿದ್ದ ಅಜ್ಜ ತಲಕಲ್ ದಾಟಿದ ಮೇಲೆ ಕೇಳಿದ, “ಮಕ್ಕಳ ಸಾಲಿ ಸಲುವಾಗಿ ಏನಪಾ?” “ಹೌದ್ರಿ ಯಜ್ಜ” ಎಂದೆ.

ಬಡಿಗೇರ ಎರಡು ಸೂತು ಸಂದು ಬಿಟ್ಟು ಕೂರಿಸಿ, ತಿರುಗಿಸಿ, ಮತ್ತೆ ತಿರುಗಿಸಿ ಸಮಾಧಾನಪಟ್ಟ. ಆಟ ಹಚ್ಚಿದೆ. ಕೂಲಿ ಲೆಕ್ಕ ಮಾಡೋಣ ಎಂದರೆ ಅವನ ಕೈ ಆಗಲೇ ಮೊದಲನೆಯ ಹಿಡಿಕೆಯ ಮೇಲಿತ್ತು.

“ಲೆಕ್ಕ ಆಮ್ಯಾಲ ಆತ್ರಿ. ಮುಸ್ತಫಾ ನನಗಿರ್ಲಿ. ನೀವು ಜ್ಯಾಕ್ ಆಡ್ರಿ.”