ಕಡಲು ಸಿಕ್ಕಿತು, ಮೊಸರು?

ನ್ಯೂಜೆರ್ಸಿಯ ಚಳಿ ಸಾಕಾಗಿ, ಏಪ್ರಿಲ್ ರಜೆಗೆ ಕೆರಿಬಿಯನ್ ಕಡೆ ಹೋಗೋಣ ಅಂದುಬಿಡುವುದು ಸುಲಭ. ರೆಸಾರ್ಟ್ ಹುಡುಕಲು ಕೂತ ಮೇಲೆ ಗೊತ್ತಾಗುತ್ತದೆ: ಅವರ ಲೆಕ್ಕದಲ್ಲಿ ಸಂಸಾರ ಎಂದರೆ ಗಂಡ, ಹೆಂಡತಿ, ಇಬ್ಬರು ಮಕ್ಕಳು, ಅಲ್ಲಿಗೆ ಮುಗಿಯಿತು. ಮೈಸೂರಿನಿಂದ ಬಂದಿರುವ ಅಪ್ಪ ಅಮ್ಮನನ್ನು ಸೇರಿಸಿದೆವೋ, ರೂಮು ಎರಡಾಗುತ್ತದೆ, ಎರಡನೆಯದು ಬೇರೆ ಕಟ್ಟಡದಲ್ಲಿರುತ್ತದೆ. ಚೆನ್ನಾಗಿ ಕಂಡ ಹಲವು ರೆಸಾರ್ಟುಗಳು ವಯಸ್ಕರಿಗೆ ಮಾತ್ರ. ಇದನ್ನು ಕೇಳಿದ ಅಮ್ಮ, "ಅಂಥಾ ಕಡೆ ಬೇಡಪ್ಪ, ಎಂಥೆಂಥಾ ಸಿನಿಮಾ ಹಾಕ್ತಾರೋ" ಎಂದರು.

ಮಕ್ಕಳ ಓಟು ಬಹಾಮಾಸ್‌ಗೆ. ಅಲ್ಲಿನ ಅಟ್ಲಾಂಟಿಸ್‌ನಲ್ಲಿ ಶಾರ್ಕುಗಳಿರುವ ಕೊಳದ ನಡುವೆ ಗಾಜಿನಂಥ ಕೊಳವೆಯಲ್ಲಿ ಜಾರಿಕೊಂಡು ಹೋಗಬಹುದು. ನನ್ನವಳು ಅರೂಬಾ ಎಂದಳು. ಚಂಡಮಾರುತಗಳು ಸಾಮಾನ್ಯವಾಗಿ ಅಷ್ಟು ದಕ್ಷಿಣಕ್ಕೆ ಇಳಿಯುವುದಿಲ್ಲವಂತೆ. ಅವುಗಳ ಕಾಲ ಜೂನ್‌ನಿಂದ ನವೆಂಬರ್, ನಾವು ಹೊರಟಿರುವುದು ಏಪ್ರಿಲ್‌ನಲ್ಲಿ. ಇರಲಿ, ಮನೆಯಲ್ಲಿ ಇಂಥದ್ದನ್ನೆಲ್ಲ ಎತ್ತಿ ಆಡಬಾರದು.

ಅಪ್ಪ ಮಾತ್ರ ಆಂಟಿಗುವಾ ಎಂದು ಪಟ್ಟು ಹಿಡಿದರು. ದಿನಕ್ಕೊಂದರಂತೆ 365 ಬೀಚುಗಳಿವೆ ಎಂದು ಆ ದ್ವೀಪದವರು ಹೇಳಿಕೊಳ್ಳುತ್ತಾರೆ, ಎಣಿಸಿದ ಪುಣ್ಯಾತ್ಮ ಯಾರೋ. ಅಪ್ಪನಿಗೆ ಅದರಲ್ಲಿ ಒಂದೂ ಬೇಡ. 2002ರಲ್ಲಿ ನಮ್ಮ ಅನಿಲ್ ಕುಂಬ್ಳೆ ಮುರಿದ ದವಡೆಗೆ ಬ್ಯಾಂಡೇಜ್ ಸುತ್ತಿಕೊಂಡು 14 ಓವರ್ ಬೌಲ್ ಮಾಡಿ, ಲಾರಾನನ್ನು ಎಲ್‌ಬಿ ಕೆಡವಿದ್ದು ಅಲ್ಲಿನ ಸೇಂಟ್ ಜಾನ್ಸ್‌ನಲ್ಲಿ.

"ಈಗ ಆ ಗ್ರೌಂಡಲ್ಲಿ ಟೆಸ್ಟ್ ಆಡಲ್ಲಪ್ಪ. 2007ರ ವಿಶ್ವಕಪ್‌ಗೆ ರಿಚರ್ಡ್ಸ್ ಹೆಸರಲ್ಲಿ ಬೇರೆ ಸ್ಟೇಡಿಯಂ ಕಟ್ಟಿದರು."

"ಆಡೋದು ಬೇಡ ಕಣೋ. ನಿಂತು ನೋಡ್ಕೊಂಡು ಬರೋಣ."

ಅಮ್ಮ ಪಂಚಾಂಗ ತೆರೆದರು. ಪರ್ವಕಾಲ ಬಿಟ್ಟು ಸಮುದ್ರಸ್ನಾನ ಮಾಡುವ ಹಾಗಿಲ್ಲ. ಪುಣ್ಯಕ್ಕೆ ರಜೆಯೊಳಗೆ ಒಂದು ಹುಣ್ಣಿಮೆ ಸಿಕ್ಕಿತು. "ಒಂದು ಸ್ನಾನಕ್ಕೆ ಐದು ರಾತ್ರಿ ಯಾಕೋ?" ಎಂಬ ಪ್ರಶ್ನೆಗೆ ಮಾತ್ರ ಯಾರಲ್ಲೂ ಉತ್ತರವಿರಲಿಲ್ಲ.

ಕೊನೆಗೆ ಒಂದು ರೆಸಾರ್ಟಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದೆ. ತಿಂಡಿ, ಊಟ, ಮದ್ಯ ಎಲ್ಲ ಸೇರಿದ ದರ ಎಂದಳು ಆಕೆ.

"ನಮ್ಮಲ್ಲಿ ಯಾರೂ ಕುಡಿಯಲ್ಲ, ಅದನ್ನ ಕಳೆದು ಹೇಳೋಕೆ ಹೇಳು" ಎಂದರು ಅಪ್ಪ. ಆ "ಯಾರೂ" ಬಂದಾಗ ನಾನು ಕಿಟಕಿಯಾಚೆ ನೋಡಿದೆ.

"ಮೊಸರು ಸಿಗತ್ತಾ ಕೇಳು" ಎಂದರು ಅಮ್ಮ.

ಬೇಕಾದಷ್ಟಿದೆಯಂತೆ. ಸ್ಟ್ರಾಬೆರಿ, ಪೀಚ್, ವೆನಿಲ್ಲಾ.

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ವೆನಿಲ್ಲಾಗೆ ಸಾಸಿವೆ ಒಗ್ಗರಣೆ ಹಿಡಿಸತ್ತೇನೇ?" ಎಂದು ಸೊಸೆಯನ್ನು ಕೇಳಿದರು. "ರೂಮಲ್ಲಿ ಕುಕ್ಕರ್ ಇಡಬಾರದಂತೆ ಅತ್ತೆ" ಎಂದಳು ಅವಳು, ಕೇಳದ ಪ್ರಶ್ನೆಗೂ ಸೇರಿಸಿ.

ಅಡುಗೆಮನೆ ಬೇಕೆಂದರೆ ವಿಲ್ಲಾ ಇದೆ ಎಂದಳು ಫೋನಿನಾಕೆ. ಆರೂ ಜನ ಒಂದೇ ಕಡೆ, ಎದುರಿಗೇ ಸಮುದ್ರ, ನಾಲ್ಕು ಉರಿಯ ಒಲೆ. ಮಕ್ಕಳು ಕುಣಿದರು, ಅಮ್ಮ ಆಗಲೇ ಸೋನಾಮಸೂರಿ ಎಷ್ಟು ಕಟ್ಟಿಕೊಳ್ಳಬೇಕೆಂಬ ಲೆಕ್ಕಕ್ಕೆ ಇಳಿದಿದ್ದರು. ರಾತ್ರಿಯೊಂದರ ಬಾಡಿಗೆಯನ್ನು ರೂಪಾಯಿಗೆ ಪರಿವರ್ತಿಸಿ ನೋಡಿದ ಅಪ್ಪ ಕನ್ನಡಕ ತೆಗೆದರು.

"ಇಷ್ಟು ದುಡ್ಡು ಕೊಟ್ಟು, ಅನ್ನಾನೂ ನಾವೇ ಮಾಡ್ಕೋಬೇಕಾ?"