ಮ್ಯೂಟ್‌ನಲ್ಲಿ ತೇರ್ಸ್

ಹೆಸರು ವಿಲ್ಸನ್ ಎನ್ನಿ, ನೆಲ್ಸನ್ ಎನ್ನಿ, ಜೇಸನ್ ಎನ್ನಿ. ಕರಾವಳಿಯ ಯಾವ ಇಗರ್ಜಿಯ ಅಂಗಳದಲ್ಲಿ ನಿಂತು ಕೂಗಿದರೂ ನಾಲ್ಕು ಜನ ತಿರುಗಿ ನೋಡುತ್ತಾರೆ. ಸದ್ಯಕ್ಕೆ ನೆಲ್ಸನ್ ಎಂದಿಟ್ಟುಕೊಳ್ಳೋಣ. ಊರು ಕಿನ್ನಿಗೋಳಿಯೋ ಶಿರ್ವವೋ ಬೆಳ್ತಂಗಡಿಯೋ. ವಾಸ ಬೆಂಗಳೂರಿನ ವೈಟ್‌ಫೀಲ್ಡ್ ಕಡೆ. ವಯಸ್ಸು ಮೂವತ್ತರ ಆಚೀಚೆ. ಒಬ್ಬಳು ಹೆಂಡತಿ, ಒಂದು ಮಗು, ಒಂದು ಹೋಮ್ ಲೋನು, ಎರಡು ಫೋನು. ಕಂಪನಿಯಲ್ಲಿ ಟೀಮ್ ಲೀಡ್. ಮುಂದಿನ ಅಪ್ರೈಸಲ್‌ಗೆ ಮ್ಯಾನೇಜರ್ ಆಗಬೇಕು. ಈ ‘ಮುಂದಿನ ಅಪ್ರೈಸಲ್’ ಎಂಬುದು ಕ್ರಿಸ್ತರ ಪುನರಾಗಮನದ ಜಾತಿಯದ್ದು. ಬರುವುದು ಖಂಡಿತ, ಗಳಿಗೆ ಮಾತ್ರ ಯಾರಿಗೂ ಗೊತ್ತಿಲ್ಲ.

ಊರಲ್ಲಿದ್ದಾಗ ನೆಲ್ಸನ್ ಐಸಿವೈಎಂ ಅಧ್ಯಕ್ಷ. ಅಂದರೆ ಚರ್ಚಿನ ಯುವಜನ ಸಂಘದ ಯಜಮಾನ. ಕ್ರಿಸ್ಮಸ್ ಗೋದಲಿ, ರಕ್ತದಾನ ಶಿಬಿರ, ಹಬ್ಬದ ರಾತ್ರಿಯ ಹೌಸಿ ಹೌಸಿ, ಎಲ್ಲಕ್ಕೂ ಅವನೇ ಬೇಕು. ಮೈಕ್ ಕೈಗೆ ಬಂದರೆ ‘ಕುಟುಂಬವೇ ಪುಟ್ಟ ಧರ್ಮಸಭೆ’ ಎಂಬ ವಿಷಯದ ಮೇಲೆ ಅರ್ಧ ಗಂಟೆ ಗ್ಯಾರಂಟಿ. ಆಗ ಅವನಿಗೆ ಕುಟುಂಬ ಇರಲಿಲ್ಲ. ಆದ್ದರಿಂದ ಭಾಷಣ ನಿರರ್ಗಳವಾಗಿ ಬರುತ್ತಿತ್ತು.

ಈಗ ಅವನ ಜೀವನ ಪೂರ್ತಿ ಕ್ಯಾಲೆಂಡರಿನಲ್ಲಿದೆ. ಫೋನಿನಲ್ಲಿ ಕೆಲಸಕ್ಕೆ ನೀಲಿ ಬಣ್ಣ, ಕುಟುಂಬಕ್ಕೆ ಹಸಿರು, ದೇವರಿಗೆ ಹಳದಿ. ನೀಲಿ ಬಂದು ಹಸಿರಿನ ಮೇಲೆ ಕೂತರೆ ಹಸಿರು ಸರಿದು ಜಾಗ ಕೊಡುತ್ತದೆ. ಹಳದಿ ಇನ್ನೂ ಸಾಧು. ಅದು ಸರಿದು ಸರಿದು ಶನಿವಾರದ ಅಂಚಿಗೆ ಹೋಗಿ ನಿಂತಿರುತ್ತದೆ. ಗುರುವಾರ ಸಂಜೆ ವಿವೇಕನಗರದ ಬಾಲಯೇಸು ದೇವಾಲಯದ ನೊವೆನಾ ಎಂದು ಗುರುತು ಹಾಕಿದ್ದು ಎಷ್ಟೋ ಗುರುವಾರಗಳಿಂದ ‘ರೀಶೆಡ್ಯೂಲ್ಡ್’ ಆಗಿಯೇ ಉಳಿದಿದೆ. ಬಾಲಯೇಸು ಒಂದು ರಿಮೈಂಡರ್ ಮೇಲನ್ನೂ ಕಳಿಸಿಲ್ಲ.

ಸಂಜೆಯ ತೇರ್ಸ್ ಮಾತ್ರ ತಪ್ಪುವುದಿಲ್ಲ. ಜಪಸರ ಅಂದರೂ ಅದೇ. ಮಂಗಳೂರಿನ ಕಥೊಲಿಕರ ಮನೆಯಲ್ಲಿ ತೇರ್ಸ್ ಮುಗಿಯದೆ ಊಟವಿಲ್ಲ. ಊರಿನಿಂದ ಮಾಂಯ್, ಅಂದರೆ ಅಮ್ಮ, ಏಳೂವರೆಗೆ ವಿಡಿಯೊ ಕಾಲ್ ಮಾಡುತ್ತಾರೆ. ಬಹರೈನಿನ ಅಕ್ಕ, ಮುಂಬೈಯ ತಮ್ಮ, ಬೆಂಗಳೂರಿನ ನೆಲ್ಸನ್ ಎಲ್ಲರೂ ಹಾಜರ್. ತೇರ್ಸಿನ ಐದು ರಹಸ್ಯಗಳಲ್ಲಿ ಮೂರನೆಯದನ್ನು ಮುನ್ನಡೆಸುವುದು ನೆಲ್ಸನ್‌ನ ಪಾಲು. ಅಮೆರಿಕದಲ್ಲಿ ಬೆಳಗಾಗಿ ಕ್ಲೈಂಟ್ ಕಾಫಿ ಹಿಡಿದು ಕಂಪ್ಯೂಟರ್ ಮುಂದೆ ಕೂರುವುದೂ ಅದೇ ಹೊತ್ತಿಗೆ. ಹಾಗಾಗಿ ನೆಲ್ಸನ್‌ನ ಎಡಗಿವಿಯಲ್ಲಿ ಮಾಂಯ್, ಬಲಗಿವಿಯಲ್ಲಿ ಕ್ಲೈಂಟ್, ಎರಡೂ ಕಡೆ ಅವನು ಮ್ಯೂಟ್.

ಒಂದು ಸಂಜೆ ಮಾಂಯ್ ಕರೆದರು: “ಪುತಾ, ಮೂರನೆಯದು ನಿನ್ನದು.” ಅದೇ ಗಳಿಗೆಗೆ ಕ್ಲೈಂಟೂ ಇವನ ಹೆಸರು ಕರೆದ. ನೆಲ್ಸನ್ ಅವಸರದಲ್ಲಿ ಎರಡೂ ಮ್ಯೂಟ್ ತೆಗೆದ, ಉತ್ತರಗಳು ಅದಲುಬದಲಾದವು. ಅಮೆರಿಕದವರಿಗೆ ಮರಿಯಮ್ಮನವರ ಜಪ ಅರ್ಧ ಕೇಳಿಸಿತು. ಇದೇನು ಹೊಸ ಡಿಪೆಂಡೆನ್ಸಿಯೇ ಎಂದು ಅವರು ವಿಚಾರಿಸಿದರಂತೆ. ಊರಿನವರಿಗೆ ಕೇಳಿಸಿದ್ದು “ಬರುವ ಶುಕ್ರವಾರದೊಳಗೆ ಎಲ್ಲ ಬಗ್‌ಗಳನ್ನೂ ಕ್ಲೋಸ್ ಮಾಡುತ್ತೇವೆ” ಎಂಬ ವಚನ. ಕಣ್ಣು ಮುಚ್ಚಿ ಕೂತಿದ್ದ ಅಪ್ಪ ಭಕ್ತಿಯಿಂದ “ಆಮೆನ್” ಎಂದರು.

ನೆಲ್ಸನ್‌ನ ಮೇಜಿನ ಮೇಲೆ, ಮಾನಿಟರ್ ಪಕ್ಕ, ನಿದ್ರಿಸುವ ಸಂತ ಜೋಸೆಫರ ಸಣ್ಣ ಪ್ರತಿಮೆಯೊಂದಿದೆ. ಪೋಪ್ ಫ್ರಾನ್ಸಿಸ್ 2015ರಲ್ಲಿ ಮನಿಲಾದಲ್ಲಿ ಕುಟುಂಬಗಳ ಜೊತೆ ಮಾತನಾಡುತ್ತ, ತಮಗೆ ಏನಾದರೂ ಸಮಸ್ಯೆ ಬಂದರೆ ಅದನ್ನು ಚೀಟಿಯಲ್ಲಿ ಬರೆದು ಇಂಥ ಪ್ರತಿಮೆಯ ಕೆಳಗೆ ಇಡುವುದಾಗಿ ಹೇಳಿದ್ದರು. ಆಮೇಲೆ ಮಲಗಿದ ಜೋಸೆಫರು ಬಹಳ ಮನೆಗಳಿಗೆ ಬಂದರು. ನೆಲ್ಸನ್‌ನ ಮನೆಯ ಜೋಸೆಫರ ಕೆಳಗೆ ಚೀಟಿಗಳು ಎಷ್ಟಾಗಿವೆಯೆಂದರೆ ಅವರು ಮಲಗಿದ್ದಾರೋ ಎದ್ದು ಕೂರುತ್ತಿದ್ದಾರೋ ಎಂದು ಅನುಮಾನ ಬರುತ್ತದೆ. ಎಲ್ಲವೂ ಒಂದೇ ವಿಷಯದವು: ರೇಟಿಂಗ್, ಹೈಕ್, ಆನ್‌ಸೈಟ್. ಜೋಸೆಫರು ಕಾರ್ಮಿಕರ ಪೋಷಕ ಸಂತರೂ ಹೌದು. 1955ರಲ್ಲಿ ಹನ್ನೆರಡನೇ ಪಿಯುಸ್ ಪೋಪರು ಮೇ 1ನ್ನು ಅವರ ಹಬ್ಬವಾಗಿ ಮಾಡಿದರು. ನಾಲ್ಕೂ ಸುವಾರ್ತೆಗಳಲ್ಲಿ ಅವರು ಆಡಿದ ಒಂದೇ ಒಂದು ಮಾತಿಲ್ಲ. ಹೇಳಿದ ಕೆಲಸ ಮಾಡಿದರು, ಮಗುವನ್ನು ಎತ್ತಿಕೊಂಡು ಈಜಿಪ್ಟಿಗೆ ಹೊರಟರು, ಸ್ಟೇಟಸ್ ರಿಪೋರ್ಟ್ ಬರೆಯಲಿಲ್ಲ. ಇಂಥವರಿಗೆ ನಮ್ಮ ಕಾಲದಲ್ಲಿ ಪ್ರಮೋಷನ್ ಸಿಗುವುದು ಕಷ್ಟವೇ.

ಹೆಂಡತಿ ಆಸ್ಪತ್ರೆಯಲ್ಲಿ ನರ್ಸ್. ಮೂರು ಪಾಳಿಯ ಕೆಲಸ. ಐರ್ಲೆಂಡಿಗೆ ಹೋಗುವ ಆಸೆಯಿಂದ ಓಇಟಿ ಎಂಬ ಇಂಗ್ಲಿಷ್ ಪರೀಕ್ಷೆಗೆ ಓದುತ್ತಿದ್ದಾಳೆ. ಮಗು ಮಲಗಿದ ಮೇಲೆ, ಅಡುಗೆಮನೆಯ ದೀಪದಲ್ಲಿ. ಅವಳಿಗೂ ಮಹತ್ವಾಕಾಂಕ್ಷೆ ಇದೆ ಎಂಬುದು ನೆಂಟರಲ್ಲಿ ಯಾರ ಗಮನಕ್ಕೂ ಬಂದಂತಿಲ್ಲ. “ಕೆಲಸ, ಮನೆ, ಚರ್ಚು ಎಲ್ಲ ಹೇಗೆ ನಿಭಾಯಿಸುತ್ತೀ ಮಾರಾಯ?” ಎಂದು ಎಲ್ಲರೂ ಕನಿಕರದಿಂದ ಕೇಳುವುದು ನೆಲ್ಸನ್‌ನನ್ನು. ಅವಳನ್ನು ಕೇಳುವ ಪ್ರಶ್ನೆ ಬೇರೆ: “ನೈಟ್ ಡ್ಯೂಟಿಗೆ ಹೋದರೆ ಮಗುವನ್ನು ಯಾರು ನೋಡುವುದು?”

ಅವಳು ಜಗಳವಾಡುವವಳಲ್ಲ. ಬೈಬಲ್ ಚೆನ್ನಾಗಿ ಓದಿಕೊಂಡವಳು, ಅದು ಜಗಳಕ್ಕಿಂತ ಅಪಾಯ. ಲೂಕನ ಸುವಾರ್ತೆಯ ಹತ್ತನೇ ಅಧ್ಯಾಯದಲ್ಲಿ ಮಾರ್ಥಾ ಅಡುಗೆಮನೆಯಲ್ಲಿ ಒದ್ದಾಡುತ್ತಾಳೆ, ತಂಗಿ ಮರಿಯಾ ಯೇಸುವಿನ ಪಾದದ ಬಳಿ ಕೂತು ಮಾತು ಕೇಳುತ್ತಾಳೆ. ಆ ಭಾಗದ ಪ್ರವಚನ ಕೇಳಿ ಬಂದ ಒಂದು ಭಾನುವಾರ ಅವಳು ಪಾತ್ರೆ ತೊಳೆಯುತ್ತಲೇ ಹೇಳಿದ್ದು: “ನೆಲ್ಸನ್, ನೀನು ಆಫೀಸಿನಲ್ಲಿ ಮಾರ್ಥಾ, ಮನೆಯಲ್ಲಿ ಮರಿಯಾ. ಒಂದೊಂದು ದಿನ ಅದಲುಬದಲು ಮಾಡಿ ನೋಡು.” ಮರಿಯಾ ಸೋಫಾದಿಂದ ಕಾಲು ಕೆಳಗಿಟ್ಟು, ಸ್ವಲ್ಪ ಯೋಚಿಸಿ, ಮತ್ತೆ ಮೇಲಿಟ್ಟುಕೊಂಡ.

ಅವನ ಪರವಾಗಿ ಒಂದು ಮಾತು ಹೇಳಬೇಕು, ಇಲ್ಲದಿದ್ದರೆ ಅನ್ಯಾಯ. ನೆಲ್ಸನ್‌ನ ಅಪ್ಪ ಗಲ್ಫ್ ತಲೆಮಾರಿನವರು. 1990ರಲ್ಲಿ ಸದ್ದಾಂ ಹುಸೇನರ ಸೇನೆ ಕುವೈತಿಗೆ ನುಗ್ಗಿದಾಗ, ಲಕ್ಷಕ್ಕೂ ಮೀರಿದ ಭಾರತೀಯರ ಜೊತೆ ಜೋರ್ಡಾನಿನ ಅಮ್ಮಾನ್ ತಲುಪಿ, ಏರ್ ಇಂಡಿಯಾ ವಿಮಾನ ಹತ್ತಿ ಬರಿಗೈಯಲ್ಲಿ ಊರಿಗೆ ಬಂದವರು. ಬಂದು ಮದುವೆಯಾದರು, ಯುದ್ಧ ಮುಗಿದ ಮೇಲೆ ಮತ್ತೆ ಹೋದರು. ಎರಡು ವರ್ಷಕ್ಕೊಮ್ಮೆ ರಜೆ. ನೆಲ್ಸನ್‌ನ ಪ್ರಥಮ ಪರಮಪ್ರಸಾದದ ಫೋಟೊದಲ್ಲಿ ಮಾಂಯ್ ಇದ್ದಾರೆ, ಅಜ್ಜಿ ಇದ್ದಾರೆ, ಗುರ್ಕಾರ್ ಕೂಡ ಇದ್ದಾರೆ, ಅಪ್ಪ ಇಲ್ಲ. ಗುರ್ಕಾರ್ ಅಂದರೆ ಚರ್ಚಿನ ವಾರ್ಡಿನ ಮುಖ್ಯಸ್ಥರು. ಆ ವಾರ್ಡಿನ ಕ್ರೈಸ್ತ ಕುಟುಂಬಗಳ ಸುಖದುಃಖ, ಚರ್ಚಿನ ವಂತಿಗೆ ಎರಡನ್ನೂ ವಿಚಾರಿಸುವವರು. ಹಾಗೆ ಬೆಳೆದ ನೆಲ್ಸನ್ ಆಣೆ ಮಾಡಿಕೊಂಡ: ನಾನು ಗಲ್ಫಿಗೆ ಹೋಗುವುದಿಲ್ಲ, ಮಗುವಿನ ಜೊತೆ ಮನೆಯಲ್ಲೇ ಇರುತ್ತೇನೆ. ಆಣೆ ಮುರಿದಿಲ್ಲ. ವಾರದಲ್ಲಿ ಮೂರು ದಿನ ವರ್ಕ್ ಫ್ರಮ್ ಹೋಮ್, ಮನೆಯಲ್ಲೇ ಇರುತ್ತಾನೆ. ಕೋಣೆಯ ಬಾಗಿಲು ಹಾಕಿಕೊಂಡು. ಮಗು ಬಾಗಿಲು ತಟ್ಟುತ್ತದೆ, ಒಳಗಿನಿಂದ “ಐದು ನಿಮಿಷ ಬಾಬಾ” ಎಂದು ಕೇಳುತ್ತದೆ. ಕಳೆದ ಸಲ ಬೆಂಗಳೂರಿಗೆ ಬಂದ ಅಪ್ಪ ಎರಡು ದಿನ ಇದನ್ನು ನೋಡಿದರು. ಮೂರನೇ ದಿನ ಚಹಾ ಕುಡಿಯುತ್ತ ಹೇಳಿದರು: “ನಾನು ಕುವೈತಿನಿಂದ ಮನೆಗೆ ಬಂದಾಗ ಮನೆಯಲ್ಲಿಯೇ ಇರುತ್ತಿದ್ದೆ ಮಗಾ.”

ಇದಕ್ಕೆಲ್ಲ ಕಾರಣ ನೆಲ್ಸನ್‌ಗೆ ಭಕ್ತಿ ಕಮ್ಮಿಯೆಂದೋ ಪ್ರೀತಿ ಕಮ್ಮಿಯೆಂದೋ ನನಗೆ ಅನ್ನಿಸುವುದಿಲ್ಲ. ಲೆಕ್ಕ ಸರಳವಾಗಿದೆ. ಮೀಟಿಂಗ್ ತಪ್ಪಿಸಿದರೆ ಎಸ್ಕಲೇಷನ್ ಮೇಲ್ ಬರುತ್ತದೆ. ಪೂಜೆ ತಪ್ಪಿಸಿದರೆ ಪಾಪನಿವೇದನೆ ಇದೆ, ಪಾದ್ರಿಗಳು ಕ್ಷಮಿಸುತ್ತಾರೆ. ಮಾಂಯ್ ಕೇಳುವ ಮುಂಚೆಯೇ ಕ್ಷಮಿಸಿರುತ್ತಾರೆ. ಹೆಂಡತಿ ಸ್ವಲ್ಪ ತಡವಾಗಿ ಕ್ಷಮಿಸುತ್ತಾಳೆ. ಮಗುವಿಗೆ ಕ್ಷಮೆ ಎಂದರೇನೆಂದೇ ಗೊತ್ತಿಲ್ಲ, ಐದು ನಿಮಿಷ ಬಿಟ್ಟು ಮತ್ತೆ ಬಾಗಿಲು ತಟ್ಟುತ್ತದೆ. ಕ್ಷಮಿಸುವವರ ಹೊತ್ತನ್ನು ಕಡ ತಂದು ಕ್ಷಮಿಸದವರಿಗೆ ಕೊಡುವುದಕ್ಕೆ ನೆಲ್ಸನ್ ಇಟ್ಟ ಹೆಸರು ‘ಬ್ಯಾಲೆನ್ಸ್’.

ಗುಡ್ ಫ್ರೈಡೇ ದಿನ ಇದು ಇನ್ನೂ ಸ್ಪಷ್ಟ. ಭಾರತ ಸರಕಾರ ಆ ದಿನ ರಜೆ ಕೊಟ್ಟಿದೆ. ಅಮೆರಿಕದ ಸಂಯುಕ್ತ ಸರಕಾರದ ರಜಾಪಟ್ಟಿಯಲ್ಲಿ ಗುಡ್ ಫ್ರೈಡೇ ಇಲ್ಲ. ಹಾಗಾಗಿ ಹಿಂದೂಗಳಾದ ಸಹೋದ್ಯೋಗಿಗಳು ಕುಟುಂಬ ಸಮೇತ ಚಿಕ್ಕಮಗಳೂರಿಗೆ ಹೋಗಿ ಫೋಟೊ ಹಾಕುತ್ತಿರುವಾಗ, ಉಪವಾಸವಿದ್ದ ನೆಲ್ಸನ್ ಶಿಲುಬೆಯ ಹಾದಿ ಮುಗಿಸಿ ಬಂದು ಅಮೆರಿಕದ ಕ್ರೈಸ್ತ ಕ್ಲೈಂಟ್ ಮುಂದೆ ಲಾಗಿನ್ ಆಗುತ್ತಾನೆ. ಕ್ರಿಸ್ಮಸ್ಸಿಗೆ ಆ ಕಾಟವಿಲ್ಲ. ಕ್ಲೈಂಟೇ ರಜೆ ಹೋಗುವುದರಿಂದ ಇವನು ಊರಿಗೆ ಹೋಗಿ ಹಬ್ಬದ ತಿಂಡಿಗೆಂದು ಕಿಡಿಯೊ ಹೊಸೆಯುತ್ತ, ನೆವ್ರಿ ಮಡಚುತ್ತ ಎರಡು ದಿನ ಮನುಷ್ಯನಾಗಿರುತ್ತಾನೆ.

ನಿಜವಾದ ಸಂಕಟ ಸೆಪ್ಟೆಂಬರ್ 8ರದ್ದು. ಕನ್ಯಾಮರಿಯಮ್ಮನವರ ಜನ್ಮದಿನ, ಕರಾವಳಿಯವರಿಗೆ ಮೊಂತಿ ಫೆಸ್ತ್. ಒಂಬತ್ತು ದಿನ ಮಕ್ಕಳು ಹೂ ಅರ್ಪಿಸಿ, ಹಬ್ಬದ ದಿನ ಹೊಸ ಭತ್ತದ ತೆನೆಗೆ ಆಶೀರ್ವಾದವಾಗಿ, ಮನೆಗೆ ಬಂದ ತೆನೆಯ ಕಾಳು ಸುಲಿದು ಹಾಲಿಗೆ ಹಾಕಿ ಎಲ್ಲರಿಗೂ ಕೊಟ್ಟ ಮೇಲೆ ಬಾಳೆ ಎಲೆಯಲ್ಲಿ ಊಟ. ಮೀನು ಮಾಂಸದ ಮನೆಯಲ್ಲಿ ಅಂದು ಬರೀ ತರಕಾರಿ. ಇಡೀ ಕುಟುಂಬ ಸೇರಲೇಬೇಕಾದ ಹಬ್ಬ ಇದು. ಬೆಂಗಳೂರಿನ ಕಂಪನಿಗೆ ಅದು ಒಂದು ಸಾಮಾನ್ಯ ದಿನ. ಅಷ್ಟೇ ಆದರೆ ಚಿಂತೆಯಿರಲಿಲ್ಲ, ರಿಲೀಸೂ ಅದೇ ವಾರ ಬೀಳುತ್ತದೆ. ಶಿರಾಡಿ ಘಾಟಿಯ ಗುಡ್ಡ ಜರಿದಿದೆ ಎಂದೋ, ಪಂಚಗಂಗಾ ಎಕ್ಸ್‌ಪ್ರೆಸ್ಸಿನಲ್ಲಿ ವೇಟಿಂಗ್ ಲಿಸ್ಟ್ ಎಂದೋ ನೆಲ್ಸನ್ ಕಾರಣ ಹೇಳುತ್ತಾನೆ. ಮಾಂಯ್ ತೆನೆಯನ್ನು ಕವರಿನಲ್ಲಿಟ್ಟು ಕಳಿಸುತ್ತಾರೆ. ಹಿಂದೆ ಕುವೈತಿಗೂ ಹೀಗೆಯೇ ಕಳಿಸುತ್ತಿದ್ದರು. ಹೋದ ವರ್ಷ ಹೆಂಡತಿ ಆ ಕಾಳು ಪುಡಿ ಮಾಡಿ ಹಾಲಿನಲ್ಲಿ ಕಲಸಿ ತಂದುಕೊಟ್ಟಳು. ನೆಲ್ಸನ್ ಮಾನಿಟರಿನಿಂದ ಕಣ್ಣು ತೆಗೆಯದೆ ಕುಡಿದು, “ಸಕ್ಕರೆ ಸ್ವಲ್ಪ ಕಮ್ಮಿಯಾಯಿತು” ಎಂದ.

ಇಂಥವನನ್ನೇ ಒಂದು ಚರ್ಚಿನವರು ‘ಕ್ರೈಸ್ತ ಯುವಕ: ಉದ್ಯೋಗ ಮತ್ತು ಕುಟುಂಬ’ ಎಂಬ ಉಪನ್ಯಾಸಕ್ಕೆ ಕರೆದರು. ಮದುವೆಗೆ ಮುಂಚಿನ ತರಬೇತಿ ಶಿಬಿರ. ನಿಶ್ಚಯವಾದ ಜೋಡಿಗಳು ಸರ್ಟಿಫಿಕೇಟಿಗಾಗಿ ಕೂತಿರುತ್ತಾರೆ. ನೆಲ್ಸನ್ ಒಂದು ವಾರ ರಾತ್ರಿ ಎದ್ದು ಸ್ಲೈಡ್ ಮಾಡಿದ. ದುಡಿಯುವವನಿಗೆ ಭಾನುವಾರದ ವಿರಾಮ ಸಿಗಬೇಕೆಂದು 1891ರಲ್ಲೇ ‘ರೇರುಮ್ ನೊವಾರುಮ್’ ಪತ್ರದಲ್ಲಿ ಹದಿಮೂರನೇ ಲಿಯೊ ಪೋಪರು ಹೇಳಿದ್ದರ ಸ್ಲೈಡನ್ನು ಭಾನುವಾರ, ಪೂಜೆ ತಪ್ಪಿಸಿ, ಮಾಡಿದ. ಕೊನೆಯ ಸ್ಲೈಡಿನಲ್ಲಿ ಮೂರು ವೃತ್ತಗಳು: ದೇವರು, ಕುಟುಂಬ, ಕೆಲಸ, ನಡುವೆ ‘ನಾನು’. ಹೆಂಡತಿಗೆ ತೋರಿಸಿದಾಗ ಅವಳು, “ಚೆನ್ನಾಗಿದೆ. ಈ ನಾನು ಅನ್ನುವವನು ಭಾನುವಾರ ಮಧ್ಯಾಹ್ನ ಮನೆಗೆ ಬರುತ್ತಾನಾ? ನನಗೆ ಎರಡು ಗಂಟೆಗೆ ಡ್ಯೂಟಿ” ಎಂದಳು. ಅವನು ಮಗುವನ್ನು ಪಕ್ಕದ ಮನೆಯ ಆಂಟಿಯ ಹತ್ತಿರ ಬಿಟ್ಟು ಉಪನ್ಯಾಸಕ್ಕೆ ಹೋದ. ಪ್ರಶ್ನೋತ್ತರದಲ್ಲಿ ಒಬ್ಬಳು ಹುಡುಗಿ ಎದ್ದು, “ಸರ್, ಈಗ ನಿಮ್ಮ ಮಗು ಯಾರ ಹತ್ತಿರ ಇದೆ?” ಎಂದಳು. ಅವಳ ಭಾವೀ ಗಂಡ ಅವಳ ಚೂಡಿದಾರದ ವೇಲ್ ಎಳೆದು ಕೂರಿಸಿದ. ನನ್ನ ಪ್ರಕಾರ ಅಂದಿನ ಶಿಬಿರದಲ್ಲಿ ಸರ್ಟಿಫಿಕೇಟಿಗೆ ಅರ್ಹಳಾದವಳು ಅವಳೊಬ್ಬಳೇ.

ಕೊನೆಗೂ ಆ ‘ಮುಂದಿನ ಅಪ್ರೈಸಲ್’ ಬಂತು, ನೆಲ್ಸನ್ ಈ ಏಪ್ರಿಲ್‌ನಲ್ಲಿ ಮ್ಯಾನೇಜರ್ ಆದ. ರಜೆ ಮಂಜೂರು ಮಾಡುವ ಅಧಿಕಾರ ಈಗ ಅವನದೇ. 2026ರ ಸೆಪ್ಟೆಂಬರ್ 8 ಮಂಗಳವಾರ ಬಂದಿದೆ. ಸೋಮವಾರವನ್ನೂ ಸೇರಿಸಿದರೆ ಶನಿವಾರದಿಂದ ನಾಲ್ಕು ದಿನ ಸಿಗುತ್ತದೆ. ಅವನ ಟೀಮಿನಲ್ಲಿರುವ ಕರಾವಳಿಯ ಹುಡುಗರೇ, ಹುಡುಗಿಯರೇ, ಈಗಲೇ ಅರ್ಜಿ ಹಾಕಿ. ನಿಮಗೆ ಖಂಡಿತ ಕೊಡುತ್ತಾನೆ, ಆ ವಿಷಯದಲ್ಲಿ ಬಹಳ ಒಳ್ಳೆಯವನು. ತನ್ನ ಅರ್ಜಿಯನ್ನು ಅವನಿನ್ನೂ ಹಾಕಿಲ್ಲ.